ಬಿಡುವಿನ ದಿನ ಯಾರಿಗೆ ಬಿಡುವು?

ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯ ಒಬ್ಬೊಬ್ಬರನ್ನೂ ಒಂದು ಪ್ರಶ್ನೆ ಕೇಳಿ ನೋಡಿ: ಬಿಡುವಿದ್ದಾಗ ನಿಮಗೆ ಏನು ಮಾಡುವುದೆಂದರೆ ಇಷ್ಟ? ಮಗ ತಡಮಾಡದೆ ಕ್ರಿಕೆಟ್ ಎನ್ನುತ್ತಾನೆ. ಮಗಳಿಗೆ ಮೊಬೈಲಿನಲ್ಲಿ ಹಾಡು ಕೇಳುವುದು ಇಷ್ಟ. ಮನೆಯ ಯಜಮಾನರಿಗೆ ಕಟ್ಟೆಯ ಮೇಲಿನ ಹರಟೆ ಪ್ರಿಯ, ಜಾತ್ರೆಯ ಕಾಲದಲ್ಲಿ ಕುಸ್ತಿ ಕಣ. ಅಜ್ಜನವರು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಇಂದಿಗೂ ಬಿಟ್ಟಿರಲಿಕ್ಕಿಲ್ಲ. ಕೊನೆಗೆ ತಾಯಿಯ ಸರದಿ ಬರುತ್ತದೆ. ಆಕೆ ನಗುತ್ತಾರೆ. ‘ನಂದೇನ ಐತಿ, ನೀವೆಲ್ಲಾ ಖುಷಿಯಿಂದ ಇದ್ರ ಆತು’ ಎಂದು ಹೇಳಿ, ರೊಟ್ಟಿಯ ಬುಟ್ಟಿಯನ್ನು ಮುಂದಕ್ಕೆ ಸರಿಸುತ್ತಾರೆ. ಈ ಮಾತನ್ನು ನಾವು ತಾಯ್ತನದ ತ್ಯಾಗವೆಂದು ಹೊಗಳಿ ಊಟ ಮುಂದುವರಿಸುತ್ತೇವೆ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದನ್ನು ನೀವು ಗಮನಿಸಿದಿರಾ?

ಕುಟುಂಬವು ಒಟ್ಟಾಗಿ ಆಡಬೇಕು, ಒಟ್ಟಾಗಿ ವಿಹಾರಕ್ಕೆ ಹೋಗಬೇಕು, ಒಟ್ಟಾಗಿ ನಗಬೇಕು ಎಂದು ನಾವು ಆಗಾಗ ಕೇಳುತ್ತೇವೆ. ಒಳ್ಳೆಯ ಮಾತು. ಆದರೆ ಕುಟುಂಬ ಬಿಡುವಿನಲ್ಲಿದೆ ಎಂದು ಹೇಳುವಾಗ ಆ ಕುಟುಂಬದಲ್ಲಿ ಎಲ್ಲರೂ ಬಿಡುವಿನಲ್ಲಿದ್ದಾರೆಯೇ? ಒಬ್ಬರ ದುಡಿಮೆಯ ಮೇಲೆ ನಿಂತ ಉಳಿದವರ ವಿಶ್ರಾಂತಿಯನ್ನು ಮನೆಮಂದಿಯ ವಿಶ್ರಾಂತಿ ಎಂದು ಕರೆಯಬಹುದೇ? ನಿತ್ಯದ ಅಭ್ಯಾಸದಲ್ಲಿ ಮುಚ್ಚಿಹೋಗಿರುವ ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಸವದತ್ತಿ ಸೀಮೆಯ ಉಗರಗೋಳವನ್ನೇ ನೆನಪಿಸಿಕೊಳ್ಳಿ. ಎಲ್ಲಮ್ಮನ ಗುಡ್ಡದ ಆಸುಪಾಸಿನ ಊರಾದ್ದರಿಂದ ಹುಣ್ಣಿಮೆಗಳು ಬಂದವೆಂದರೆ ಅಲ್ಲಿಯ ದಾರಿಗಳೆಲ್ಲ ಜನರಿಂದ ತುಂಬುತ್ತವೆ. ಭಾರತ ಹುಣ್ಣಿಮೆಗೆ ದೂರದೂರದ ಊರುಗಳಿಂದ ಸಿಂಗರಿಸಿದ ಚಕ್ಕಡಿಗಳಲ್ಲಿ, ಈಗೀಗ ಟ್ರ್ಯಾಕ್ಟರುಗಳಲ್ಲಿ, ಮನೆಮಂದಿಯೆಲ್ಲ ಬಂದು ಬಯಲಲ್ಲಿ ಬಿಡಾರ ಹೂಡುತ್ತಾರೆ. ಅವರ ಭಕ್ತಿ ಅವರಿಗೆ ಸೇರಿದ್ದು. ಆದರೆ ಒಕ್ಕಲುತನದ ಕುಟುಂಬಕ್ಕೆ ಅದು ವರ್ಷದ ದೊಡ್ಡ ವಿಹಾರವೂ ಹೌದು. ಬಿಡಾರ ಬಿದ್ದ ಗಳಿಗೆಯಲ್ಲಿ ಏನು ನಡೆಯುತ್ತದೆಂದು ನೋಡಿ. ಎತ್ತುಗಳ ಕೊರಳು ಬಿಚ್ಚಿ ನೆರಳಿಗೆ ಕಟ್ಟಿ ಮೇವು ಹಾಕುತ್ತಾರೆ. ಗಂಡಸರು ಚಕ್ಕಡಿಯ ನೆರಳಲ್ಲಿ ಕಂಬಳಿ ಹಾಸಿ ಕಾಲು ಚಾಚುತ್ತಾರೆ. ಮಕ್ಕಳು ಬಳೆ, ಬತ್ತಾಸು, ಪೀಪಿಗಳ ಅಂಗಡಿಯತ್ತ ಓಡುತ್ತಾರೆ. ಹೆಂಗಸರು ಮೂರು ಕಲ್ಲು ಹುಡುಕಿ ಒಲೆ ಹೂಡುತ್ತಾರೆ. ಮನೆಯಲ್ಲಾದರೆ ನೀರು ಕೈಗೆಟಕುವಂತಿತ್ತು, ಹೊಗೆ ಹೋಗಲು ಬೆಳಕಿಂಡಿ ಇತ್ತು; ಇಲ್ಲಿ ಅವೂ ಇಲ್ಲ. ಹೋಳಿಗೆ ಮಾತ್ರ ಮನೆಯದಕ್ಕಿಂತ ಒಂದು ಹೆಚ್ಚೇ ಬೇಕು, ಯಾಕೆಂದರೆ ಜಾತ್ರೆ!

ಇದನ್ನು ಓದಿ, ಅದು ಅವರ ಕಥೆ ಎಂದುಕೊಳ್ಳಬೇಡಿ. ಸೀಗೆ ಹುಣ್ಣಿಮೆಗೋ ಎಳ್ಳಮಾವಾಸ್ಯೆಗೋ ನೆರೆಯವರು ಚರಗ ಚೆಲ್ಲಲು ಹೊಲಕ್ಕೆ ಕರೆದಾಗ ನಾವೂ ಸಂತೋಷದಿಂದ ಹೋಗುತ್ತೇವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಮೊಸರನ್ನ: ಬನ್ನಿ ಮರದ ಕೆಳಗೆ ಆ ಬುತ್ತಿ ಬಿಚ್ಚಿದಾಗ ಆಗುವ ಆನಂದಕ್ಕೆ ಪಟ್ಟಣದ ಯಾವ ಹೋಟೆಲೂ ಸಾಟಿಯಲ್ಲ. ಆ ಬುತ್ತಿ ಕಟ್ಟಲು ಎಷ್ಟು ಜನ ಹೆಂಗಸರು ಹಿಂದಿನ ದಿನವೆಲ್ಲ ಒಲೆಯ ಮುಂದೆ ಕುಳಿತಿದ್ದರೆಂಬುದು ಆ ಆನಂದದ ಲೆಕ್ಕದಲ್ಲಿ ಸೇರುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ನವಿಲುತೀರ್ಥದ ಅಣೆಕಟ್ಟಿಗೋ, ಸೊಗಲದ ಜಲಪಾತಕ್ಕೋ, ಕಿತ್ತೂರಿನ ಕೋಟೆಗೋ ಹೋಗಿಬರುವ ದಿನಗಳೂ ಹೀಗೆಯೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವರು, ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿ ತೊಳೆದವರು ಒಬ್ಬರೇ.

ಒಂದು ವಿಚಿತ್ರವನ್ನು ಗಮನಿಸಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಮವಾರ ಎತ್ತುಗಳನ್ನು ಹೂಡದಿರುವ ವಾಡಿಕೆಯೊಂದಿದೆ. ಅಂದು ಬಸವಣ್ಣನಿಗೆ ನೊಗವಿಲ್ಲ. ಕೆಲಸ ಎಷ್ಟೇ ಅವಸರದ್ದಿರಲಿ, ಈ ವಾಡಿಕೆಯನ್ನು ಮೀರಲು ರೈತನ ಮನಸ್ಸು ಒಪ್ಪುತ್ತಿರಲಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳೇ ಕಡಿಮೆಯಾದವು, ಅದು ಬೇರೆ ಮಾತು. ಮೂಕ ಪ್ರಾಣಿಗೆ ವಾರಕ್ಕೊಂದು ರಜೆ ಸಲ್ಲಬೇಕೆಂದು ತಿಳಿದ ಆ ಕರುಣೆಗೆ ತಲೆಬಾಗಬೇಕು. ಅದೇ ಮನೆಯಲ್ಲಿ ಒಲೆಗೆ ಮಾತ್ರ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ.

ನಮ್ಮ ಪವಿತ್ರ ಗ್ರಂಥವೂ ಎತ್ತಿನ ವಿಶ್ರಾಂತಿಯನ್ನು ಮರೆತಿಲ್ಲ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ತೆರೆದು ಸಬ್ಬತ್ ದಿನದ ಆಜ್ಞೆಯನ್ನು ನಿಧಾನವಾಗಿ ಓದಿ. ಯಾರು ಯಾರು ಅಂದು ಕೆಲಸ ಮಾಡಬಾರದೆಂದು ಅಲ್ಲಿ ಹೆಸರಿಸಲಾಗಿದೆ. ಮನೆಯ ಯಜಮಾನ, ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿ ಬಂದಿರುವ ಪರಕೀಯ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಹೆಂಡತಿಯ ಹೆಸರಿಲ್ಲ. ಗಂಡನಿಗೆ ಹೇಳಿದ ‘ನೀನು’ ಎಂಬುದರಲ್ಲೇ ಆಕೆಯೂ ಸೇರಿದ್ದಾಳೆಂದು ವ್ಯಾಖ್ಯಾನಕಾರರು ಹೇಳುವುದುಂಟು. ಆ ವ್ಯಾಖ್ಯಾನ ನನಗೆ ಸರಿಯೆಂದೇ ತೋರುತ್ತದೆ. ಯಾಕೆಂದರೆ ಆ ಆಜ್ಞೆಗೆ ಅಲ್ಲಿಯೇ ಕೊಟ್ಟಿರುವ ಕಾರಣ, ಈಜಿಪ್ಟಿನಲ್ಲಿ ನೀವು ದಾಸರಾಗಿದ್ದಿರಿ ಎಂಬ ನೆನಪು. ಬಿಡುವಿಲ್ಲದ ದುಡಿಮೆ ಏನೆಂದು ಬಲ್ಲವನು ಅದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಬಾರದು. ಹಾಗಿರುವಾಗ ಮಡದಿಯನ್ನು ಅದು ಹೊರಗಿಟ್ಟಿತೆಂದು ನಂಬಲಾಗದು. ಆದರೂ ಒಂದು ಮಾತು ಉಳಿಯುತ್ತದೆ. ಕತ್ತೆಯನ್ನು ಮರೆತೀರಿ ಎಂದು ಅದರ ಹೆಸರನ್ನು ಹೇಳಬೇಕಾಯಿತು. ಹೆಸರು ಹೇಳದೆ ಬಿಟ್ಟವಳನ್ನು ಮಾತ್ರ ಮನುಷ್ಯರು ನಿಜಕ್ಕೂ ಮರೆತರು.

ಇಲ್ಲಿ ನಿಮ್ಮಲ್ಲಿ ಕೆಲವರು, ಅದರಲ್ಲೂ ತಾಯಂದಿರೇ, ಆಕ್ಷೇಪಿಸುವಿರಿ. ಮಕ್ಕಳಿಗೆ ಮಾಡಿ ಬಡಿಸುವುದರಲ್ಲಿ ಸುಖವಿಲ್ಲವೇ? ನಾಲ್ಕು ಜನ ಸೇರಿ ಮಾತಾಡುತ್ತ ಹೋಳಿಗೆ ಲಟ್ಟಿಸುವುದು, ಶ್ಯಾವಿಗೆ ಹೊಸೆಯುವುದು, ಹಪ್ಪಳ ಒಣಹಾಕುವುದು ಮನರಂಜನೆಯಲ್ಲವೇ? ಖಂಡಿತವಾಗಿಯೂ ಸುಖವಿದೆ. ಬೀಸುವಾಗ ಹಾಡಿದ ಹೆಂಗಸರಿಂದಲೇ ನಮ್ಮ ಜನಪದದ ತ್ರಿಪದಿಗಳು ಉಳಿದು ಬಂದವು. ಬೀಸುಕಲ್ಲಿನ ಮುಂದೆ ಕಳೆದ ನಸುಕುಗಳಿಲ್ಲದೆ ಆ ಸಾಹಿತ್ಯವಿಲ್ಲ. ಆದರೆ ದುಡಿಮೆಯಲ್ಲಿ ಸುಖ ಕಾಣುವುದು ಬೇರೆ, ದುಡಿಮೆಯಿಂದ ಬಿಡುವು ಪಡೆಯುವುದು ಬೇರೆ. ಕಷ್ಟವನ್ನು ಹಗುರ ಮಾಡಿಕೊಳ್ಳಲು ಹಾಡಿದವಳಿಗೆ, ಹಾಡುತ್ತಿದ್ದಾಳೆಂದ ಮೇಲೆ ವಿಶ್ರಾಂತಿ ಯಾಕೆ ಎಂದು ಹೇಳುವುದು ನ್ಯಾಯವಲ್ಲ.

ಅಂಕಿ-ಅಂಶಗಳೂ ಇಲ್ಲಿ ಯೋಚನೆಗೆ ಹಚ್ಚುತ್ತವೆ. ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2024ರಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟವರಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಿದ್ದರು. ಮನೆಗೆಲಸದಲ್ಲಿ ಕೈಹಾಕುವ ಗಂಡಸರು ಕೊಟ್ಟದ್ದು 88 ನಿಮಿಷ. ಇದು ನಾವು ಊಹಿಸಬಹುದಾದದ್ದೇ. ಅಚ್ಚರಿಯ ಸಂಗತಿ ಇನ್ನೊಂದಿದೆ. ಮನರಂಜನೆ, ಕ್ರೀಡೆ, ಟಿ.ವಿ. ಇತ್ಯಾದಿಗಳಿಗೆ ಗಂಡಸರು ದಿನಕ್ಕೆ 177 ನಿಮಿಷ ಕಳೆದರೆ ಹೆಂಗಸರು 164 ನಿಮಿಷ ಕಳೆಯುತ್ತಿದ್ದರು. ಅಂತರ ಕೇವಲ 13 ನಿಮಿಷ! ಹಾಗಾದರೆ ಇಷ್ಟು ಹೊತ್ತು ಹೇಳಿದ ದೂರೆಲ್ಲ ಸುಳ್ಳೇ?

ಸುಳ್ಳಲ್ಲ. ನಿಮಿಷಗಳು ಬಿಡುವಿನ ಉದ್ದವನ್ನು ಅಳೆಯುತ್ತವೆ, ಅದರ ಬಗೆಯನ್ನು ಅಳೆಯಲಾರವು. ಸಂಜೆ ಧಾರಾವಾಹಿ ನೋಡುವ ಗೃಹಿಣಿಯ ಕೈಯಲ್ಲಿ ಬೆಳ್ಳುಳ್ಳಿ ಇರುತ್ತದೆ, ಕಿವಿ ಕುಕ್ಕರಿನ ಸೀಟಿಯತ್ತ ಇರುತ್ತದೆ. ‘ಚಹಾ ಆತೇನ?’ ಎಂಬ ಧ್ವನಿ ಯಾವಾಗ ಬೇಕಾದರೂ ಬರಬಹುದು. 1987-88ರಲ್ಲಿ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಬರುತ್ತಿದ್ದಾಗ ಓಣಿಗೊಂದು ಟಿ.ವಿ.ಯ ಮುಂದೆ ಇಡೀ ಓಣಿ ಸೇರುತ್ತಿತ್ತಲ್ಲ, ಅಂದು ಆ ಮನೆಯ ಒಡತಿ ಕಾರ್ಯಕ್ರಮ ನೋಡುತ್ತಿದ್ದುದು ಅಡುಗೆಮನೆಯ ಬಾಗಿಲಲ್ಲಿ ನಿಂತು. ನನ್ನ ತಿಳಿವಳಿಕೆಯಲ್ಲಿ ಬಿಡುವೆಂದರೆ ಕೈ ಖಾಲಿ ಇರುವುದಷ್ಟೇ ಆಗಿರಲಾರದು. ಯಾರೂ ನನ್ನನ್ನು ಕರೆಯುವುದಿಲ್ಲ, ಕರೆದರೂ ನಾನು ಏಳಬೇಕಾಗಿಲ್ಲ ಎಂಬ ಭರವಸೆ ಅದರೊಳಗೆ ಇರಬೇಕು. ಕಟ್ಟೆಯ ಮೇಲೆ ಕುಳಿತ ಗಂಡಸಿಗೆ ಆ ಭರವಸೆ ಇದೆ. ಬೈಲಹೊಂಗಲದ ನೆಲದ ‘ಸಂಗ್ಯಾ-ಬಾಳ್ಯಾ’ ಸಣ್ಣಾಟವನ್ನು ಬೆಳತನಕ ನೋಡಿ ಬಂದು ಮಧ್ಯಾಹ್ನದವರೆಗೆ ಮಲಗಿದವನಿಗೂ ಅದಿತ್ತು. ಅದೇ ಆಟವನ್ನು ನೋಡಿ ಬಂದ ಅವನ ಹೆಂಡತಿಗೆ ಎಮ್ಮೆ ಹಿಂಡುವ ಹೊತ್ತಾಗಿತ್ತು.

ಗ್ರೀಕ್ ಭಾಷೆಯಲ್ಲಿ ಬಿಡುವಿಗೆ ‘ಸ್ಕೋಲೆ’ ಎನ್ನುತ್ತಿದ್ದರು. ‘ಸ್ಕೂಲ್’ ಎಂಬ ಶಬ್ದ ಬಂದದ್ದು ಅದರಿಂದಲೇ. ಬಿಡುವಿನಲ್ಲಿ ಮನುಷ್ಯನ ಮನಸ್ಸು ಅರಳುತ್ತದೆಂದು ಬಲ್ಲ ಅರಿಸ್ಟಾಟಲನೇ, ಮಗ್ಗ ತಾನಾಗಿ ನೇಯುವ ಕಾಲ ಬಂದರೆ ಯಜಮಾನನಿಗೆ ಗುಲಾಮರು ಬೇಡವಾದಾರು ಎಂದು ತನ್ನ ‘ರಾಜನೀತಿ’ಯಲ್ಲಿ ಊಹಿಸಿದ. ಒಬ್ಬರ ಬಿಡುವಿಗೆ ಇನ್ನೊಬ್ಬರ ದಾಸ್ಯ ಬೇಕೆಂಬುದು ಅವನಿಗೆ ಅಷ್ಟು ಸಹಜವಾಗಿತ್ತು. ಮಗ್ಗ ಈಗ ವಿದ್ಯುತ್ತಿನಿಂದ ನೇಯುತ್ತಿದೆ. ರಾಮದುರ್ಗದ ಕಡೆಯ ನೇಕಾರರ ಓಣಿಗೆ ಹೋಗಿ ಕೇಳಿ, ಕಂಡಿಕೆ ಸುತ್ತುವ ಹೆಂಗಸಿಗೆ ಬಿಡುವು ಬಂದಿದೆಯೇ ಎಂದು. ನಮ್ಮ ಮನೆಗಳಿಗೆ ಗ್ಯಾಸು, ಮಿಕ್ಸರು ಬಂದವು. ತೋಳಿನ ನೋವು ಇಳಿಯಿತು, ಸಂದೇಹವಿಲ್ಲ. ಆದರೆ ಏಳುವವರು ಯಾರು ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ.

ಹೆಣ್ಣಿಗೂ ಬಿಡುವು ಬೇಕೆಂದು ನಮ್ಮ ಹಿರಿಯರಿಗೆ ತಿಳಿದಿರಲಿಲ್ಲವೆಂದಲ್ಲ. ನಾಗರಪಂಚಮಿಯನ್ನು ನೋಡಿ. ಅಣ್ಣ ಬಂದು ಕರೆದೊಯ್ಯುತ್ತಾನೆ, ಬೇವಿನ ಮರಕ್ಕೆ ಜೋಕಾಲಿ ಬೀಳುತ್ತದೆ, ಉಂಡಿ-ಅಳ್ಳು ತಿನ್ನುತ್ತ ಹೆಣ್ಣುಮಕ್ಕಳು ಜೀಕುತ್ತಾರೆ. ಗಂಡಸರು ಅತ್ತ ನಿಂಬೆಹಣ್ಣು ಎಸೆಯುವ ಪಣದಲ್ಲಿ ಮುಳುಗಿದ್ದರೆ ಇತ್ತ ನಡುವಯಸ್ಸಿನ ಗೃಹಿಣಿ ಮತ್ತೆ ಹುಡುಗಿಯಾಗುತ್ತಾಳೆ. ಅದು ಸಾಧ್ಯವಾಗುವುದು ತವರಿನಲ್ಲಿ, ಅಂದರೆ ಆಕೆಯನ್ನು ಕರೆಯುವವರು ಇಲ್ಲದ ಮನೆಯಲ್ಲಿ. ಆದರೆ ಆ ಮನೆಯ ಸೊಸೆಯೂ ತನ್ನ ತವರಿಗೆ ಹೋಗಿರುತ್ತಾಳಲ್ಲ, ಒಲೆಯ ಮುಂದೆ ಯಾರಿದ್ದಾರೆ? ಮುದಿ ತಾಯಿ. ಮಗಳ ಜೋಕಾಲಿಯ ಹಗ್ಗದ ಇನ್ನೊಂದು ತುದಿ ಅಲ್ಲಿದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣ ಉಳಿಯಿತು. ಗುಂಪು ಗುಂಪಾಗಿ ಅವರು ಎಲ್ಲಮ್ಮನ ಗುಡ್ಡಕ್ಕೆ, ಇನ್ನಿತರ ಕ್ಷೇತ್ರಗಳಿಗೆ ಹೊರಟಾಗ, ‘ಪುಕ್ಕಟೆ ಅಂತ ತಿರುಗತಾರ’ ಎಂದು ಕಟ್ಟೆಯ ಮೇಲೆ ಕುಳಿತವರೇ ನಕ್ಕರು. ದಿನವೆಲ್ಲ ಪುಕ್ಕಟೆ ಕಟ್ಟೆಯ ಮೇಲೆ ಕುಳಿತವರು! ನನಗೆ ಕಾಡಿದ್ದು ಬೇರೆ ಸಂಗತಿ. ಗಂಡಸು ಹೊರಗೆ ಹೋಗಲು ‘ಸುಮ್ಮನೆ’ ಎಂಬ ಕಾರಣ ಸಾಕು. ಹೆಂಗಸಿಗೆ ಹರಕೆಯೋ ಯಾತ್ರೆಯೋ ಬೇಕು. ನಮ್ಮ ಧರ್ಮಕೇಂದ್ರದ ತಾಯಂದಿರು ವೇಳಾಂಕಣಿಗೆ ಹೋಗಿಬಂದು, ಪ್ರಾರ್ಥನೆಯ ಮಾತಿನ ನಡುವೆ ಸಮುದ್ರದ ಅಲೆಗಳ ಬಗ್ಗೆ ಹೇಳುವಾಗ ಅವರ ಮುಖ ನೋಡಿದ್ದೀರಾ? ಸಮುದ್ರ ನೋಡಬೇಕೆಂದೇ ಹೋಗುತ್ತೇನೆಂದು ಹೇಳಲು ಅವರಿಗೆ ಇನ್ನೂ ಧೈರ್ಯ ಬಂದಿಲ್ಲ.

ಹುಡುಗಿಯರ ಆಟವೂ ಹೀಗೆಯೇ ಮೊಟಕಾಗುತ್ತದೆ. ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಪದಕಕ್ಕಾಗಿಯಲ್ಲದೆ ಬರೀ ಸಂತೋಷಕ್ಕಾಗಿ ಸಂಜೆ ಖೋ-ಖೋ ಆಡುವ ಹದಿನಾರರ ಹುಡುಗಿಯರು ನಿಮ್ಮ ಊರಿನ ಬಯಲಲ್ಲಿ ಎಷ್ಟು ಜನರಿದ್ದಾರೆ, ಎಣಿಸಿ.

ಮಾರ್ತ ಮತ್ತು ಮರಿಯರ ಕಥೆಯನ್ನು ನೀವು ಹಲವು ಬಾರಿ ಕೇಳಿದ್ದೀರಿ. ಪ್ರಭುವಿನ ಪಾದದ ಬಳಿ ಕುಳಿತ ಮರಿಯಳಿಂದ ಆ ಭಾಗ್ಯವನ್ನು ಯಾರೂ ಕಸಿದುಕೊಳ್ಳಬಾರದೆಂದು ಯೇಸು ನುಡಿದರು. ಆಕೆಯನ್ನು ಏಳಿಸಲಿಲ್ಲ. ಮಾರ್ತಳ ಅಳಲನ್ನು ಮಾತ್ರ ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಒಬ್ಬಳೇ ದುಡಿಯುತ್ತಿದ್ದೇನೆ ಎಂಬ ಆಕೆಯ ಮಾತು ಸುಳ್ಳಾಗಿರಲಿಲ್ಲ. ಆ ಮನೆಯಲ್ಲಿ ಅಂದು ಸಂಜೆ ಊಟ ಯಾರು ಮಾಡಿದರೆಂದು ಸಂತ ಲೂಕರು ಹೇಳುವುದಿಲ್ಲ. ಆದರೆ ಸಂತ ಯೊವಾನ್ನರ ಶುಭಸಂದೇಶದ ಕೊನೆಯಲ್ಲಿ ಇನ್ನೊಂದು ಬೆಳಗು ಇದೆ. ರಾತ್ರಿಯೆಲ್ಲ ಬಲೆ ಬೀಸಿ ದಣಿದು ದಡಕ್ಕೆ ಬಂದ ಶಿಷ್ಯರು ಕಂಡದ್ದು ಕೆಂಡದ ಮೇಲಿನ ಮೀನು ಮತ್ತು ರೊಟ್ಟಿ. ಪುನರುತ್ಥಾನ ಹೊಂದಿದ ಪ್ರಭುವೇ ಒಲೆ ಹೂಡಿ, ಅವರನ್ನು ಊಟಕ್ಕೆ ಕರೆಯುತ್ತಿದ್ದರು.

ನಾನು ಬಲ್ಲ ಒಂದು ಕುಟುಂಬ ಭಾನುವಾರ ಸಂಜೆಯ ಅಡುಗೆಯನ್ನು ತಂದೆ-ಮಕ್ಕಳು ಮಾಡುವುದೆಂದು ಗೊತ್ತುಮಾಡಿಕೊಂಡಿತು. ಮೊದಲ ವಾರ ತಾಯಿ ಹೊರಗೆ ಕಟ್ಟೆಯ ಮೇಲೆ ಕುಳಿತರೂ ಬಿಡುವು ಸಿಗಲಿಲ್ಲ. ಉಪ್ಪು ಎಲ್ಲಿ, ಸಾಸಿವೆ ಯಾವುದರಲ್ಲಿ, ಬೇಳೆ ಎಷ್ಟು ಹಾಕಬೇಕು ಎಂಬ ಕೂಗು ನಿಲ್ಲಲೇ ಇಲ್ಲ. ಹತ್ತು ಬಾರಿ ಎದ್ದು ಒಳಗೆ ಹೋದರು. ಎರಡನೆಯ ವಾರದ ಹೊತ್ತಿಗೆ ಹಿರಿಯ ಮಗ ಡಬ್ಬಿಗಳ ಮೇಲೆಲ್ಲ ಚೀಟಿ ಬರೆದು ಅಂಟಿಸಿದ. ಅಂದಿನ ಉಪ್ಪಿಟ್ಟು ಗಂಟುಗಂಟಾಗಿತ್ತಂತೆ, ಎಲ್ಲರೂ ತಿಂದರು. ತಾಯಿ ಮಾತ್ರ ಅದು ತಣ್ಣಗಾದ ಮೇಲೆ ಬಂದರು. ಮೂರು ಮನೆ ಆಚೆ ಗೆಳತಿಯ ಪಡಸಾಲೆಯಲ್ಲಿ ಚೌಕಾಬಾರ ನಡೆದಿತ್ತು, ಆಟ ಇನ್ನೂ ಮುಗಿದಿರಲಿಲ್ಲ.