ಚಪ್ಪಾಳೆಯ ನಂತರ



ದೂರದ ನಾಡಿನ ಸಂಕಟವನ್ನು ಒಬ್ಬರು ವೇದಿಕೆಯ ಮೇಲೆ ನಿಂತು ವಿವರಿಸುತ್ತಾರೆ. ನಾವು ಕುಳಿತು ಕೇಳುತ್ತೇವೆ, ಮರುಗುತ್ತೇವೆ, ಕೊನೆಗೆ ಚಪ್ಪಾಳೆ ತಟ್ಟಿ ಮನೆಗೆ ಮರಳುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೇ? ಹೇಳುವವರಿಗೆ ಸತ್ಯದ ಹೊಣೆಯಿದೆ ಎಂಬುದನ್ನು ಎಲ್ಲರೂ ಒಪ್ಪುತ್ತೇವೆ. ಕೇಳುವವರಿಗೂ ಒಂದು ಹೊಣೆಯುಂಟೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಳೆದ ಶತಮಾನದ ಒಬ್ಬ ಮಹಿಳೆಯ ಬದುಕನ್ನು ನೋಡೋಣ. ಅವರೇ ಅಮೆರಿಕದ ಪತ್ರಕರ್ತೆ ಹಾಗೂ ಲೇಖಕಿ ಡೊರೊಥಿ ಥಾಂಪ್ಸನ್.

ಡೊರೊಥಿಯವರು ಹುಟ್ಟಿದ್ದು 1893ರಲ್ಲಿ, ನ್ಯೂಯಾರ್ಕ್ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ. ತಂದೆ ಮೆಥಡಿಸ್ಟ್ ಸಭೆಯ ಬೋಧಕರು. ಕಾಲೇಜು ಮುಗಿಸಿದ ಮೇಲೆ ಡೊರೊಥಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದರು, ಭಾಷಣಗಳನ್ನು ಮಾಡಿದರು. 1920ರಲ್ಲಿ ಯುರೋಪಿಗೆ ತೆರಳಿ ವರದಿಗಾರ್ತಿಯಾದರು. ಕೆಲವೇ ವರ್ಷಗಳಲ್ಲಿ ಬರ್ಲಿನ್ ನಗರದಲ್ಲಿ ಅಮೆರಿಕದ ಪತ್ರಿಕೆಗಳ ಕಚೇರಿಯನ್ನು ಮುನ್ನಡೆಸುವ ಸ್ಥಾನಕ್ಕೇರಿದರು.

1931ರಲ್ಲಿ ಅವರು ಹಿಟ್ಲರನನ್ನು ಸಂದರ್ಶಿಸಿದರು. ಆ ಭೇಟಿಯನ್ನು ಕುರಿತ ಪುಸ್ತಕ ಮರುವರ್ಷ ಪ್ರಕಟವಾಯಿತು. ಈತ ಅತ್ಯಲ್ಪ ಮನುಷ್ಯ, ಜರ್ಮನಿಯ ಸರ್ವಾಧಿಕಾರಿಯಾಗುವಂಥವನಲ್ಲ ಎಂಬುದು ಅವರ ತೀರ್ಮಾನವಾಗಿತ್ತು. 1933ರ ಜನವರಿ 30ರಂದು ಅದೇ ಮನುಷ್ಯ ಜರ್ಮನಿಯ ಚಾನ್ಸಲರ್ ಆದ. ಲೋಕದ ಕಣ್ಣೆದುರಿಗೆ ಅವರ ಮಾತು ಸುಳ್ಳಾಯಿತು. ಅವರು ಎಡವಿದ್ದೆಲ್ಲಿ? ಮಾತನಾಡುವವನನ್ನು ಅವರು ಅಳೆದು ನೋಡಿದ್ದರು. ಅವನ ಮಾತಿಗೆ ಕಿವಿಗೊಟ್ಟು ನಿಂತಿದ್ದ ಲಕ್ಷಾಂತರ ಜನರನ್ನು ಅಳೆಯಲಿಲ್ಲ ಎಂದು ನನಗೆ ತೋರುತ್ತದೆ. ಮಾತಿಗೆ ಬಲ ಬರುವುದು ಕೇಳುವವರಿಂದ.

ತಪ್ಪಿದವರು ನಾಚಿ ಮೌನವಾಗಬಹುದಿತ್ತು, ಇಲ್ಲವೇ ತಪ್ಪನ್ನೇ ಸಮರ್ಥಿಸಿಕೊಳ್ಳಬಹುದಿತ್ತು. ಡೊರೊಥಿ ಇವೆರಡನ್ನೂ ಮಾಡಲಿಲ್ಲ. ಯೆಹೂದ್ಯರ ಮೇಲಿನ ದೌರ್ಜನ್ಯವನ್ನು ಕುರಿತು ಮತ್ತೆ ಮತ್ತೆ ಬರೆದರು. 1934ರ ಆಗಸ್ಟ್ ತಿಂಗಳಲ್ಲಿ, 24 ಗಂಟೆಗಳೊಳಗೆ ದೇಶ ಬಿಟ್ಟು ಹೋಗಬೇಕೆಂಬ ಆಜ್ಞೆ ಅವರ ಕೈಸೇರಿತು. ಸ್ವದೇಶಕ್ಕೆ ಮರಳಿದವರು ನಗರದಿಂದ ನಗರಕ್ಕೆ ಸಂಚರಿಸಿ ಉಪನ್ಯಾಸ ನೀಡತೊಡಗಿದರು. 1936ರಿಂದ ಅವರ ಅಂಕಣ ಹಲವಾರು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅವರ ಧ್ವನಿ ರೇಡಿಯೋ ಮೂಲಕ ಮನೆಮನೆಗೂ ತಲುಪಿತು. 'ಟೈಮ್' ಪತ್ರಿಕೆ 1939ರಲ್ಲಿ ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನು ಅಚ್ಚುಹಾಕಿತು.

ಹೀಗೆ ದೇಶವೇ ಅವರ ಮಾತನ್ನು ಕೇಳಿತು. ಕೇಳಿ ಮಾಡಿದ್ದೇನು? ನಿರಾಶ್ರಿತರ ಸಮಸ್ಯೆಯನ್ನು ಕುರಿತು ಅವರು 1938ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಫ್ರಾನ್ಸ್ ದೇಶದ ಎವಿಯಾನ್ ಪಟ್ಟಣದಲ್ಲಿ 32 ರಾಷ್ಟ್ರಗಳ ಪ್ರತಿನಿಧಿಗಳು ಸಭೆ ಸೇರಿದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಅನುಕಂಪ ಸೂಚಿಸಿದರು. ಬಾಗಿಲು ತೆರೆಯಲು ಮುಂದಾದವರು ತೀರಾ ವಿರಳ. ಮರುವರ್ಷ ಒಂಬೈನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತು 'ಸೇಂಟ್ ಲೂಯಿಸ್' ಎಂಬ ಹಡಗು ಹ್ಯಾಂಬರ್ಗ್ ಬಂದರಿನಿಂದ ಹೊರಟಿತು. ಹೆಚ್ಚಿನವರು ಪ್ರಾಣಭಯದಿಂದ ಓಡಿಬಂದ ಯೆಹೂದ್ಯರು. ಕ್ಯೂಬಾ ಕೆಲವರನ್ನು ಮಾತ್ರ ಇಳಿಸಿಕೊಂಡಿತು. ಅಮೆರಿಕ ಯಾರನ್ನೂ ಇಳಿಸಿಕೊಳ್ಳಲಿಲ್ಲ. ಹಡಗು ಯುರೋಪಿಗೆ ಹಿಂದಿರುಗಿತು. ಅದರಲ್ಲಿದ್ದವರ ಪೈಕಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಮುಂದೆ ನಾತ್ಸಿಗಳ ನರಮೇಧದಲ್ಲಿ ಸತ್ತರು. ಡೊರೊಥಿಯವರ ಉಪನ್ಯಾಸಕ್ಕೆ ಚಪ್ಪಾಳೆ ತಟ್ಟಿದ ನಾಡೂ ಅದೇ, ಆ ಹಡಗನ್ನು ತಿರುಗಿಸಿ ಕಳುಹಿಸಿದ ನಾಡೂ ಅದೇ.

"ನಮ್ಮ ಮನೆಯ ಕಷ್ಟವೇ ನಮಗೆ ಹಾಸಿ ಹೊದೆಯುವಷ್ಟಿದೆ, ಲೋಕದ ಕಷ್ಟಕ್ಕೆ ನಾವೇನು ಮಾಡಬಲ್ಲೆವು?" ಎಂದು ನೀವು ಕೇಳಬಹುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಂದಿನ ಅಮೆರಿಕದಲ್ಲಿಯೂ ನಿರುದ್ಯೋಗ ನಿಜವಾಗಿಯೇ ಇತ್ತು, ಬಡತನವೂ ಇತ್ತು. ಎಲ್ಲರ ನೋವನ್ನೂ ಹೊರುವ ಶಕ್ತಿ ಯಾವ ಮನುಷ್ಯನಿಗೂ ಇಲ್ಲ. ಆದರೆ ಎಲ್ಲವನ್ನೂ ಮಾಡಲಾರೆ ಎಂಬುದು, ಏನನ್ನೂ ಮಾಡದಿರಲು ನೆಪವಾಗಬಾರದು.

1938ರ ನವೆಂಬರ್ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಹದಿನೇಳು ವರ್ಷದ ಯೆಹೂದಿ ಹುಡುಗನೊಬ್ಬ ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ಅವನ ತಂದೆತಾಯಿಯರನ್ನು ಜರ್ಮನಿಯಿಂದ ಪೋಲೆಂಡಿನ ಗಡಿಗೆ ಅಟ್ಟಲಾಗಿತ್ತು. ಅವನಿಗೆ ನ್ಯಾಯಯುತವಾದ ವಿಚಾರಣೆ ದೊರೆಯಲೆಂದು ಡೊರೊಥಿ ರೇಡಿಯೋದಲ್ಲಿ ಮಾತನಾಡಿದರು. ಕೇಳಿದ ಸಾಮಾನ್ಯ ಜನರು ಪತ್ರ ಬರೆದರು, ಹಣ ಕಳುಹಿಸಿದರು. ವಕೀಲರನ್ನು ನೇಮಿಸಲು 40,000 ಡಾಲರಿಗೂ ಹೆಚ್ಚು ಹಣ ಕೂಡಿತು. ಅದರಿಂದ ಲೋಕ ಬದಲಾಗಲಿಲ್ಲ. ಆದರೂ ಅಂದು ಕೇಳಿದವರು ಕೇಳಿ ಸುಮ್ಮನಾಗಲಿಲ್ಲ.

ಕೇಳುವವರ ಪರೀಕ್ಷೆ ಇನ್ನೊಂದಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡೊರೊಥಿ ಪ್ಯಾಲೆಸ್ಟೈನಿನ ಅರಬರ ಪಾಡನ್ನು ಕುರಿತೂ ಬರೆಯತೊಡಗಿದರು. ನೆಲೆ ಕಳೆದುಕೊಂಡವರು ಯಾರೇ ಆಗಿರಲಿ, ಅವರ ನೋವು ನೋವೇ ಎಂಬುದು ಅವರ ನಿಲುವು. ಹಿಂದೆ ಅವರನ್ನು ಹೊಗಳಿದ್ದ ಅನೇಕರು ಈಗ ಮುಖ ತಿರುಗಿಸಿದರು. 1947ರಲ್ಲಿ ನ್ಯೂಯಾರ್ಕಿನ ಒಂದು ಪ್ರಮುಖ ಪತ್ರಿಕೆ ಅವರ ಅಂಕಣವನ್ನು ಕೈಬಿಟ್ಟಿತು. 1961ರಲ್ಲಿ ಲಿಸ್ಬನ್ ನಗರದಲ್ಲಿ ತೀರಿಕೊಳ್ಳುವ ವೇಳೆಗೆ ಅವರ ಕೇಳುಗರ ಬಳಗ ಬಹಳವಾಗಿ ಕುಗ್ಗಿತ್ತು. ಅವರ ರಾಜಕೀಯ ಅಭಿಪ್ರಾಯಗಳನ್ನೆಲ್ಲ ನಾವು ಒಪ್ಪಬೇಕಾಗಿಲ್ಲ. ಆದರೆ ನಮಗೆ ಹಿತವಾದ ಸತ್ಯಕ್ಕೆ ಮಾತ್ರ ಚಪ್ಪಾಳೆ ತಟ್ಟುವುದಾದರೆ, ನಾವು ಮೆಚ್ಚಿದ್ದು ಸತ್ಯವನ್ನೋ, ನಮ್ಮ ಪಕ್ಷವನ್ನೋ?

ಓದುಗರೇ, ಇಂದು ಲೋಕದ ಸುದ್ದಿ ನಮ್ಮ ಅಂಗೈಯಲ್ಲೇ ಇದೆ. ಕೇಳುವುದಕ್ಕೆ ಸಭಾಂಗಣಕ್ಕೆ ಹೋಗಬೇಕಾಗಿಯೂ ಇಲ್ಲ. ಆದ್ದರಿಂದ ಕೇಳಿದ ಮೇಲೆ ನಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಹೇಳಿದವರು ತಮ್ಮ ತಪ್ಪನ್ನು ತಿದ್ದಿಕೊಳ್ಳುವಂಥವರೇ? ನನಗೆ ಒಗ್ಗದ ಮಾತನ್ನೂ ನಾನು ಕೊನೆಯವರೆಗೆ ಕೇಳಿದೆನೇ? ನನ್ನ ಕೈಗೆಟುಕುವ ಒಂದು ಕೆಲಸ ಇದರಲ್ಲಿದೆಯೇ? ಆ ಕೆಲಸ ಚಿಕ್ಕದಿರಬಹುದು: ಸುಳ್ಳು ಸುದ್ದಿಯೊಂದನ್ನು ಮುಂದಕ್ಕೆ ಸಾಗಿಸದಿರುವುದು, ಊರು ಬಿಟ್ಟು ಬಂದ ಅಪರಿಚಿತನೊಬ್ಬನಿಗೆ ಬಾಡಿಗೆ ಮನೆ ನಿರಾಕರಿಸದಿರುವುದು, ಮಕ್ಕಳ ಮುಂದೆ ಒಂದು ಜನಾಂಗವನ್ನು ಹಳಿಯದಿರುವುದು.

ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಕಂಡೂ ಆಚೆ ಬದಿಯಿಂದ ಹಾದುಹೋದ ಇಬ್ಬರ ಕಥೆ ನಮಗೆ ಗೊತ್ತಿದೆ. ಅವರು ನೋಡಲಿಲ್ಲ ಎಂದಲ್ಲ. ನೋಡಿದರು, ಮುಂದೆ ನಡೆದರು. ನಾವೂ ಕೇಳಿದೆವು. ಇನ್ನು ನಾವು ಯಾವ ಬದಿಯಿಂದ ನಡೆಯುತ್ತೇವೆ?