ದೂರದವರಿಗೆ ದೀಪ

ನಮ್ಮ ಶಿವನಸಮುದ್ರದ ಬಗ್ಗೆ ಪಾಠ ಮಾಡುವಾಗ ನಾನು ಮಕ್ಕಳಿಗೆ ತಪ್ಪದೆ ಹೇಳುವ ಮಾತೊಂದಿದೆ. 1902ರಲ್ಲಿ ಇಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ಮೊದಲು ಹೋದದ್ದು ಎಲ್ಲೋ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಹೊಳೆಯ ದಂಡೆಯ ಹಳ್ಳಿಗಳಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ನಮ್ಮತ್ತೆ ಇದನ್ನೇ "ಹೊಳೆ ನಮ್ಮದು, ದೀಪ ಕಂಡೋರದು" ಎನ್ನುತ್ತಿದ್ದರು. ಎಷ್ಟೋ ವರ್ಷ ನಾನು ಇದನ್ನು ಬರೀ ಕರೆಂಟಿನ ಮಾತು ಎಂದುಕೊಂಡಿದ್ದೆ.

ಮೊನ್ನೆ ದಸರಾ ರಜೆಗೆ ಮಗಳು ಬಂದಿದ್ದಾಗ, ಊಟ ಮುಗಿಸಿ ಮೂವರೂ ಕೂತು 'ಗಣೇಶನ ಮದುವೆ' ನೋಡಿದೆವು. 1990ರ ಚಿತ್ರ, ಫಣಿ ರಾಮಚಂದ್ರ ಅವರ ನಿರ್ದೇಶನ. ಅನಂತನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು ಎಲ್ಲರೂ ಇದ್ದಾರೆ. ನೀವೂ ನೋಡಿಯೇ ಇರುತ್ತೀರಿ. ಒಂದು ವಠಾರ; ಅಲ್ಲಿ ಗಣೇಶನಿಗೂ ಪಕ್ಕದ ಮನೆಯ ಆದಿಲಕ್ಷ್ಮಿಗೂ ಹಾವು ಮುಂಗುಸಿ ನಂಟು. ಬೆಳಗಾದರೆ ಜಗಳ. ಅದೇ ಗಣೇಶ, ಮುಖವನ್ನೇ ನೋಡದ ಶ್ರುತಿ ಎಂಬ ಹಾಡುಗಾರ್ತಿಯ ದನಿಗೆ ಮರುಳಾಗಿ ಅವಳನ್ನು ಪ್ರೀತಿಸುತ್ತಾನೆ. ಶ್ರುತಿ ಬೇರೆ ಯಾರೂ ಅಲ್ಲ, ಆ ಜಗಳಗಂಟಿ ಆದಿಲಕ್ಷ್ಮಿಯೇ.

ಈ ಬಗೆಯ ಕಥೆ ನಮ್ಮ ವಠಾರಕ್ಕೆ ಮಾತ್ರ ಸೇರಿದ್ದಲ್ಲ. 1940ರಷ್ಟು ಹಿಂದೆಯೇ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಎಂಬ ಅಮೆರಿಕದ ಚಿತ್ರ ಬಂದಿತ್ತು. ಬುಡಾಪೆಸ್ಟ್ ನಗರದ ಒಂದೇ ಅಂಗಡಿಯಲ್ಲಿ ಕೆಲಸ ಮಾಡುವ ಇಬ್ಬರು ಹಗಲೆಲ್ಲ ಕಿತ್ತಾಡುತ್ತಾರೆ. ಆದರೆ ಹೆಸರು ತಿಳಿಸದೆ ಪ್ರೇಮಪತ್ರ ಬರೆಯುತ್ತಿರುವುದೂ ಒಬ್ಬರಿಗೊಬ್ಬರೇ. ಅಲ್ಲಿಯವರಿಗೂ ಇಲ್ಲಿಯವರಿಗೂ ಇದು ನಗು ತರಿಸಿತು ಎಂದರೆ, ಈ ರೋಗ ಎಲ್ಲ ಊರಿನದೂ ಇರಬೇಕು.

ಚಿತ್ರ ಮುಗಿದಾಗ ನಮ್ಮವರು ನಗುತ್ತಾ, "ಇದು ನಮ್ಮನೆ ಕಥೆ ಕಣೇ" ಎಂದರು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲೇ ಉಳಿಯಿತು. ರಾತ್ರಿ ಟ್ರಂಕು ತೆಗೆದು ಹಳೆಯ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಬಿಚ್ಚಿದೆ.

ಮದುವೆಯಾದ ಮೇಲೆ ಬಿ.ಎಡ್. ಮುಗಿಸಲೆಂದು ನಾನು ಒಂದು ವರ್ಷ ಮೈಸೂರಿನ ತವರಿನಲ್ಲಿ ಉಳಿದಿದ್ದೆ. ಇವರಿಗೆ ಇಲ್ಲಿನ ವಿದ್ಯುದಾಗಾರದಲ್ಲಿ ಪಾಳಿಯ ಕೆಲಸ. ವಾರಕ್ಕೊಂದು ಪತ್ರ ಬರೆಯುತ್ತಿದ್ದರು. ಕೆಮ್ಮು ಹೇಗಿದೆ, ರಾತ್ರಿ ಓದುವಾಗ ಬೆಳಕು ಸಾಲುತ್ತದೆಯೇ, ಬಸ್ಸಿನಲ್ಲಿ ನಿಂತೇ ಹೋಗಬೇಡ, ಹೀಗೆ. ಅಂಥವರ ಜೊತೆ ಕ್ವಾರ್ಟರ್ಸಿಗೆ ಬಂದು ಸಂಸಾರ ಹೂಡಿದೆ. ಆರು ತಿಂಗಳಲ್ಲಿ ಪತ್ರದ ಮನುಷ್ಯ ಎಲ್ಲಿ ಹೋದರೋ! "ಟವಲ್ ಎಲ್ಲಿ?", "ಸಾರಿಗೆ ಉಪ್ಪು ಹಾಕಿದೀಯೋ ಇಲ್ವೋ?" ಇಷ್ಟೇ ಮಾತು. ಎರಡು ದಿನ ಜ್ವರ ಬಂದು ಮಲಗಿದ್ದಾಗಲೂ ಕೇಳಿದ್ದು ಹಾಲು ಕಾಯಿಸಿದೆಯಾ ಎಂದು. ಆಗ ನಾನು ಅಳುತ್ತಾ ಯೋಚಿಸುತ್ತಿದ್ದ ಪ್ರಶ್ನೆ ಇದು: ಪತ್ರ ಬರೆದವರು ಸುಳ್ಳೋ, ಎದುರಿಗಿರುವವರು ಸುಳ್ಳೋ?

ಇದೇ ಪ್ರಶ್ನೆಯನ್ನು ನನ್ನ ಮೇಲೆ ತಿರುಗಿಸಿದವಳು ನನ್ನ ಮಗಳು. ಆಗ ಅವಳಿಗೆ ಏಳು ವರ್ಷ. ಶಾಲೆಯಲ್ಲಿ ನಾನು ತಾಳ್ಮೆಯ ಟೀಚರ್ ಎಂದು ಹೆಸರು ಪಡೆದವಳು. ಯಾರ ಮಗು ಹತ್ತು ಸಲ ತಪ್ಪು ಮಾಡಿದರೂ ಹನ್ನೊಂದನೆಯ ಸಲ ತಲೆ ನೇವರಿಸಿ ಹೇಳಿಕೊಡುತ್ತಿದ್ದೆ. ಮನೆಗೆ ಬಂದರೆ ನನ್ನ ಮಗುವಿನ ಒಂದು ಲೆಕ್ಕ ತಪ್ಪಿದರೂ ರೇಗುತ್ತಿದ್ದೆ. ಒಂದು ಸಂಜೆ ಅವಳು ಸ್ಲೇಟು ಕೆಳಗಿಟ್ಟು, "ಅಮ್ಮ, ನಾನೂ ನಿಮ್ಮ ಸ್ಕೂಲಿಗೇ ಸೇರ್ತೀನಿ. ಅಲ್ಲಿ ನೀನು ಯಾರನ್ನೂ ಬೈಯಲ್ವಂತೆ" ಎಂದಳು. ನಾನು ಏನೂ ಹೇಳಲಾಗದೆ ಒಳಗೆ ಹೋಗಿ ಒಲೆಯ ಮುಂದೆ ನಿಂತೆ.

"ಮನೆಯವರ ಹತ್ತಿರ ಎಂಥ ಉಪಚಾರ?" ಎಂದು ನಾವೆಲ್ಲ ಹೇಳುತ್ತೇವೆ. ಹೊರಗಿನವರ ಮುಂದೆ ನಾಟಕ, ಮನೆಯಲ್ಲಿ ಮಾತ್ರ ನಾವು ನಾವಾಗಿರುತ್ತೇವೆ, ಅದೇ ಸಲಿಗೆ ಎಂಬ ಸಮಾಧಾನ. ನಾನೂ ಬಹಳ ಕಾಲ ಹೀಗೇ ನಂಬಿದ್ದೆ. ಆದರೆ ಸ್ವಲ್ಪ ಯೋಚಿಸಿ. ಸಲಿಗೆ ಇರುವುದೇ ಆದರೆ ಬೈಯುವುದಕ್ಕೆ ಮಾತ್ರ ಏಕೆ ಬೇಕು? ಒಳ್ಳೆಯ ಮಾತಿಗೂ ಅದೇ ಸಲಿಗೆ ಸಾಲಬೇಕಲ್ಲ? "ಈವತ್ತು ಬಹಳ ದಣಿದಿದ್ದೀಯ, ಕೂತ್ಕೋ" ಎನ್ನಲು ನಮಗೆ ನಾಚಿಕೆ. ಸಿಡುಕಲು ಮಾತ್ರ ನಾಚಿಕೆಯಿಲ್ಲ. ಹೀಗಿರುವಾಗ ಸಲಿಗೆ ಎಂಬ ಹೆಸರಿನಲ್ಲಿ ನಾವು ಮಾಡುತ್ತಿರುವುದು ಸೋಮಾರಿತನವೇ ಇರಬೇಕು. ಮನೆಯವರು ಹೇಗೂ ಬಿಟ್ಟುಹೋಗುವುದಿಲ್ಲ ಎಂಬ ಧೈರ್ಯ ಅದರ ಬೆನ್ನಿಗಿರುತ್ತದೆ.

ಹಾಗೆಂದು ಪತ್ರದ ಮಾತೇ ನಿಜ, ಮನೆಯ ಮಾತು ಸುಳ್ಳು ಎನ್ನಲೂ ಮನಸ್ಸು ಒಪ್ಪದು. ದೂರದಿಂದ ಒಳ್ಳೆಯವರಾಗಿರುವುದು ಸುಲಭ. ಆ ಪತ್ರಗಳಿಗೆ ಬೇಕಾದದ್ದು ಒಂದು ಇನ್‌ಲ್ಯಾಂಡು, ಅರ್ಧ ಗಂಟೆ. ಮೂವತ್ತು ವರ್ಷ ತಪ್ಪದೆ ಸಂಬಳ ತಂದು ಕೈಗಿಟ್ಟದ್ದು, ಅತ್ತೆ ಹಾಸಿಗೆ ಹಿಡಿದಾಗ ರಾತ್ರಿ ಪಾಳಿ ಮುಗಿಸಿ ಬಂದು ನನ್ನನ್ನು ಮಲಗಲು ಕಳಿಸಿ ತಾವು ಕೂತದ್ದು, ಅದೂ ಅವರೇ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಗುರುತಿಸಿ ಒಂದು ಮಾತಾಡಲಿಲ್ಲ. ಆದಿಲಕ್ಷ್ಮಿಯೂ ಶ್ರುತಿಯೂ ಒಬ್ಬಳೇ. ಗಣೇಶನಿಗೆ ಕಣ್ಣಿರಲಿಲ್ಲವೆಂದಲ್ಲ. ಇವಳು ಇಷ್ಟೇ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದ. ಪಕ್ಕದಲ್ಲಿರುವವರ ಬಗ್ಗೆ ನಾವೆಲ್ಲ ಮಾಡುವುದು ಅದನ್ನೇ.

ಸಿನಿಮಾದವರಿಗೆ ಒಂದು ಅನುಕೂಲವಿದೆ. ಗುಟ್ಟು ರಟ್ಟಾಗುತ್ತದೆ, ಮದುವೆಯ ಓಲಗ ಊದುತ್ತದೆ, ನಾವು ಎದ್ದು ಹೋಗುತ್ತೇವೆ. ಮರುದಿನ ಬೆಳಿಗ್ಗೆ ಅವಳು ಯಾವ ದನಿಯಲ್ಲಿ ಮಾತಾಡಿದಳು, ಹಾಡಿನ ದನಿಯಲ್ಲೋ, ಜಗಳದ ದನಿಯಲ್ಲೋ, ಯಾರೂ ತೋರಿಸುವುದಿಲ್ಲ. ನಮಗೆ ಇರುವುದೆಲ್ಲ ಆ ಮರುದಿನದ ಬೆಳಿಗ್ಗೆಗಳೇ.

ಮಗಳು ಹೊರಡುವ ದಿನ ಬಸ್ಸಿಗೆ ಕಾಯುತ್ತಾ, "ಚಿಕ್ಕವಳಿದ್ದಾಗ ನಿನ್ನನ್ನು ಬಹಳ ಬೈದುಬಿಟ್ಟೆ ಕಣೇ" ಎಂದೆ. ಹೇಳಲು ಇಷ್ಟು ವರ್ಷ ಹಿಡಿಯಿತು. ಅವಳು ನನ್ನ ಕೈಯಿಂದ ಉಪ್ಪಿನಕಾಯಿ ಡಬ್ಬ ತೆಗೆದುಕೊಂಡು, "ಹೋಗ್ಲಿ ಬಿಡಮ್ಮ, ನಂಗೆ ನೆನಪೇ ಇಲ್ಲ" ಎಂದಳು. ನೆನಪಿದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಮನೆಗೆ ಬಂದಾಗ ಇವರು ಕಾಫಿ ಕೇಳಿದರು. ಕೊಟ್ಟು, ನಾನೂ ಲೋಟ ಹಿಡಿದು ಎದುರಿಗೇ ಕೂತೆ. "ನೀವು ಬರೆದ ಪತ್ರ ಓದಿದೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಇಟ್ಟಿದ್ದೀಯಾ?" ಎಂದರು. ಆ ಸಂಜೆ ಇನ್ನಷ್ಟು ಹೊತ್ತು ಅಲ್ಲೇ ಕೂತು ಮಾತಾಡಿದೆವು.