ಅಂಚು ಕೂಡುವ ಜಾಗ

ಚಪ್ಪಲಿಯ ಅಂಚಿಗೆ ಅಚ್ಚು ಹೊಡೆಯುವವರ ಕೈ ಒಂದು ಗಳಿಗೆ ತಡೆಯುತ್ತದೆ. ಹಿಮ್ಮಡಿಯಿಂದ ಹೊರಟ ಸಾಲು ಪಾದದ ಆಕಾರವನ್ನು ಪೂರ್ತಿ ಸುತ್ತಿ ಮತ್ತೆ ಹಿಮ್ಮಡಿಯ ಹತ್ತಿರ ಬಂದಿರುತ್ತದೆ. ಇನ್ನು ಅರ್ಧ ಗೇಣು ಜಾಗವಿದೆ ಅನ್ನುವಾಗ ನನ್ನ ಅವ್ವ ಕೊಡತಿಯನ್ನು ಪಕ್ಕಕ್ಕಿಡುತ್ತಿದ್ದಳು. ಅಚ್ಚನ್ನು ಒತ್ತದೆ, ತೊಗಲಿನ ಮೇಲೆ ಬರಿದೇ ಇಟ್ಟು ತೆಗೆದು, ಇಟ್ಟು ತೆಗೆದು ಎಣಿಸುತ್ತಿದ್ದಳು.

ಅವಳದು ಗೋಧಿ ಕಾಳಿನ ಆಕಾರದ ಅಚ್ಚು. ಅಗಲ 6 ಮಿಲಿಮೀಟರು. ಗಂಡಸರ ಚಪ್ಪಲಿಯ ಅಟ್ಟೆಯ ಸುತ್ತಳತೆ ಹೆಚ್ಚುಕಡಿಮೆ 26 ಇಂಚು. ಅಂದರೆ ಒಂದು ಸುತ್ತಿಗೆ ಸುಮಾರು 110 ಕಾಳು. ಆದರೆ ಪಾದವೇನು ಅಚ್ಚಿನ ಲೆಕ್ಕ ಕೇಳಿ ಬೆಳೆಯುತ್ತದೆಯೇ? ಕೊನೆಗೆ ಅರ್ಧ ಕಾಳಿನ ಜಾಗ ಮಿಗುತ್ತದೆ, ಇಲ್ಲವೆ ಅರ್ಧ ಕಾಳಿಗೆ ಜಾಗ ಸಾಲದೆ ಹೋಗುತ್ತದೆ. ಅವಸರದವರು ಕೊನೆಯ ಅಚ್ಚನ್ನು ಮೊದಲನೆಯದರ ಮೇಲೆ ಅರ್ಧ ಹತ್ತಿಸಿ ಹೊಡೆದುಬಿಡುತ್ತಾರೆ. ಸುತ್ತು ಮುಗಿಯುತ್ತದೆ, ಒಂದು ಕಾಳು ಜಜ್ಜಿಹೋಗುತ್ತದೆ. ಅವ್ವ ಹಾಗೆ ಮಾಡುತ್ತಿರಲಿಲ್ಲ. ಉಳಿದ ಹದಿನಾರು ಹದಿನೇಳು ಕಾಳುಗಳ ನಡುವೆ ಆ ಅರ್ಧ ಕಾಳಿನ ವ್ಯತ್ಯಾಸವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಟ್ಟುಕೊಂಡು ಬರುತ್ತಿದ್ದಳು. ಕಣ್ಣಿಗೆ ಎಲ್ಲವೂ ಒಂದೇ ಸಮ.

"ಯವ್ವಾ, ಇದು ತಪ್ಪು ಮುಚ್ಚಿಡೂದಲ್ಲೇನು?" ಎಂದು ಒಮ್ಮೆ ಕೇಳಿದ್ದೆ. ಆಗ ನಾನು ಆರನೇ ಇಯತ್ತೆ.

"ಮುಚ್ಚೂದಲ್ಲ ಮಗಳ, ಹಂಚೂದು" ಅಂದಳು.

ಧರ್ಮ ಅಂದರೇನು ಎಂದು ನಾನು ಆಮೇಲೆ ಓದಿದ್ದು ಬಹಳ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳುವಾಗಲೂ ಆ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಅವ್ವನ ಈ ಮೂರು ಶಬ್ದಗಳಿಗಿಂತ ಗಟ್ಟಿಯಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ನಮ್ಮದು ಅಥಣಿ. ಸಮಗಾರರ ಮನೆ. ಅಪ್ಪ ರಂಪಿಗೆಯಿಂದ ಎಮ್ಮೆ ತೊಗಲಿನ ಅಟ್ಟೆ ಕತ್ತರಿಸುತ್ತಿದ್ದ. ಪಟ್ಟಿ ಹೆಣೆಯುವುದು, ಕಿವಿ ಕೂಡಿಸುವುದು, ಅಂಚಿಗೆ ಅಚ್ಚು ಹೊಡೆಯುವುದು ನಮ್ಮ ಮನೆಯಲ್ಲಿ ಅವ್ವನ ಕೆಲಸ. ಈ ಚಪ್ಪಲಿಗಳಿಗೆ ಪೇಟೆಯಲ್ಲಿ ಕೊಲ್ಹಾಪುರಿ ಎಂದು ಹೆಸರು. 2019ರಲ್ಲಿ ಅವುಗಳಿಗೆ ಭೌಗೋಳಿಕ ಗುರುತು ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಕಾಗದದ ಮೇಲೆ ಬಂತು. ಅಲ್ಲಿಯವರೆಗೆ ಅವ್ವ ಹೊಡೆದ ಅಂಚೆಲ್ಲ ಬೇರೆ ಊರಿನ ಹೆಸರಿನಲ್ಲೇ ನಡೆದಾಡಿತ್ತು.

ಎಲ್ಲ ತೊಗಲೂ ಅಚ್ಚು ಹಿಡಿಯುವುದಿಲ್ಲ. ಕ್ರೋಮ್ ಹಾಕಿ ಕಾರ್ಖಾನೆಯಲ್ಲಿ ಹದ ಮಾಡಿದ ಮೆತ್ತನೆಯ ಚರ್ಮಕ್ಕೆ ಎಷ್ಟು ಹೊಡೆದರೂ ಅದು ಮತ್ತೆ ಉಬ್ಬಿ ಗುರುತನ್ನು ನುಂಗಿಬಿಡುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿಯ ಒಗರು ಕುಡಿದು ದಿನಗಟ್ಟಲೆ ನೆನೆದ ತೊಗಲಿಗೆ ಮಾತ್ರ ನೆನಪಿನ ಗುಣವಿರುತ್ತದೆ. ಅದಕ್ಕೂ ಹದ ಬರಬೇಕು. ತೀರ ಒದ್ದೆಯಿದ್ದರೆ ಒತ್ತಿದ ಗುರುತು ಕಲಸಿಹೋಗುತ್ತದೆ, ಒಣಗಿದ್ದರೆ ತೊಗಲು ಮುಖ ಕೊಡುವುದಿಲ್ಲ. ನೀರು ಸವರಿ, ಮೇಲಿನ ಬಣ್ಣ ಮೊದಲಿನಂತೆ ತಿಳಿಯಾಗುವವರೆಗೆ ಕಾದು, ಅವ್ವ ಆ ಅಟ್ಟೆಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಬಣ್ಣ ಒಣಗಿದಂತೆ ಕಂಡರೂ ಕೆನ್ನೆಗೆ ತಣ್ಣಗೆ ಹತ್ತಿದರೆ ಹದ ಬಂದಿದೆ ಎಂದು ಲೆಕ್ಕ. ಬೆರಳಿಗೆ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ ಎನ್ನುತ್ತಿದ್ದಳು. ಯಾರದೋ ಅಂಗಾಲಿನ ಕೆಳಗೆ ಹೋಗುವುದಕ್ಕೆ ಮುಂಚೆ ಪ್ರತಿಯೊಂದು ಚಪ್ಪಲಿಯೂ ನನ್ನ ಅವ್ವನ ಕೆನ್ನೆಯನ್ನು ಮುಟ್ಟಿ ಹೋಗುತ್ತಿತ್ತು.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಮದುವೆಯ ಮನೆಯೊಂದಕ್ಕೆ ಚಪ್ಪಲಿ ಕೊಡಲು ಅವಳ ಜೊತೆ ಹೋಗಿದ್ದೆ. ಕಟ್ಟೆಯ ಕೆಳಗೆ ಇಡಲು ಹೇಳಿದರು. ಇಟ್ಟೆವು. ಒಳಗಿನಿಂದ ತಂಬಿಗೆ ತಂದು, ಜೋಡಿನ ಮೇಲೆ ನೀರು ಚಿಮುಕಿಸಿ, ಆಮೇಲೆ ಎತ್ತಿಕೊಂಡರು. ನನಗೆ ಮೈ ಉರಿದುಹೋಯಿತು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವ್ವ ಮಾತ್ರ ಎರಡು ಸಲ ಹಿಂದಿರುಗಿ ನೋಡಿ, "ಹಸಿ ಇದ್ದಾಗ ಮೆಟ್ಟಿದ್ರ ಅಂಚು ಮಾಸತೈತಿ, ಒಣಗಿಸಿ ಹಾಕ್ಕೋರಿ ಅಂತ ಹೇಳಬೇಕಿತ್ತು" ಅಂದಳು. ಆ ದಿನ ಅವಳ ಮೇಲೂ ಸಿಟ್ಟು ಬಂದಿತ್ತು. ಇಂಥ ಜನರ ಕಾಲಿಗೆ ಇಷ್ಟು ಚಂದದ ಅಂಚು ಯಾಕೆ? ಮಣ್ಣು ಮೆಟ್ಟುವ ವಸ್ತುವಿಗೆ, ಗುಡಿಯ ಹೊರಗೆ ಬಿಟ್ಟು ಹೋಗುವ ವಸ್ತುವಿಗೆ ಅಂಚು ಯಾಕೆ?

ಮೈಲಿಗೆ ತೊಗಲಿನಲ್ಲಿ ಇಲ್ಲ ಎಂಬುದು ಯೋಚಿಸಿದವರಿಗೆಲ್ಲ ಗೊತ್ತು. ಅದೇ ಗುಡಿಯ ಒಳಗೆ ನಗಾರಿ ಬಾರಿಸುತ್ತಾರೆ, ಅದರ ಬಾಯಿಗೆ ಬಿಗಿದದ್ದು ತೊಗಲು. ಭಜನೆಯ ತಬಲಾ ತೊಗಲು. ಶಿವನ ಒಂದು ಹೆಸರೇ ಕೃತ್ತಿವಾಸ, ಚರ್ಮ ಉಟ್ಟವನು. ತಪಸ್ಸಿಗೆ ಕೂರಲು ಕೃಷ್ಣಾಜಿನ ಬೇಕು. ಹಾಗಿದ್ದರೆ ಮೈಲಿಗೆ ಎಲ್ಲಿದೆ? ತೊಗಲನ್ನು ಮುಟ್ಟಿ ಕೆಲಸ ಮಾಡಿದ ಕೈಗೆ ಅದನ್ನು ಅಂಟಿಸಿದ್ದಾರೆ, ಅಷ್ಟೆ. ತೊಗಲು ಒಳಗೆ ಹೋಯಿತು, ಕೈ ಹೊರಗೆ ಉಳಿಯಿತು. ಇಡೀ ಊರಿನ ಸುತ್ತು ಸಮನಾಗಿ ಕಾಣಬೇಕೆಂದು ಒಂದು ಕಾಳನ್ನು ಜಜ್ಜಿದ ಹಾಗೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಇದನ್ನು ಬೇರೆ ಥರ ಮಾಡಲು ನೋಡಿದರು. ನಮ್ಮ ಮನೆಗಳಲ್ಲಿ ಹರಳಯ್ಯನ ಕತೆ ಹೇಳದ ಮುದುಕರಿಲ್ಲ. ಸಮಗಾರ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ 'ಶರಣು' ಎಂದ. ಬಸವಣ್ಣ 'ಶರಣು ಶರಣಾರ್ಥಿ' ಎಂದ. ತಾನು ಕೊಟ್ಟದ್ದು ಒಂದು, ಬಂದದ್ದು ಎರಡು. ಆ ಹೆಚ್ಚಿನ ಒಂದು ಶರಣು ಹರಳಯ್ಯನ ಮೇಲೆ ಋಣವಾಗಿ ಕುಳಿತಿತು. ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿ ಬಸವಣ್ಣನ ಮುಂದಿಟ್ಟರು. ಬಸವಣ್ಣ ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಆಳಿಕೆ ಇಬ್ಬರು ತಂದೆಯರಿಗೂ ಎಳೆದು ಕೊಲ್ಲುವ ಎಳೆಹೂಟೆಯ ಶಿಕ್ಷೆ ಕೊಟ್ಟಿತು ಎಂಬಲ್ಲಿಗೆ ಕತೆ ನಿಲ್ಲುತ್ತದೆ. ನನ್ನ ಕಣ್ಣಿಗೆ ಆ ಮದುವೆ ಕಲ್ಯಾಣದ ಅಂಚು ಕೂಡಬೇಕಾಗಿದ್ದ ಜಾಗ. ಎಲ್ಲರೂ ಕೂದಲೆಳೆಯಷ್ಟು ಸರಿದಿದ್ದರೆ ಸುತ್ತು ಕೂಡುತ್ತಿತ್ತು. ಸರಿಯಲಿಲ್ಲ. ಇಬ್ಬರನ್ನು ಜಜ್ಜಿ ಮುಗಿಸಿದರು.

ಈ ಕತೆಯ ತೊಡೆಯ ಚರ್ಮದ ಭಾಗ ಇವತ್ತಿಗೂ ನನ್ನನ್ನು ನೋಯಿಸುತ್ತದೆ. ಋಣ ತೀರಿಸಲು ಮೈ ತೊಗಲನ್ನೇ ಸುಲಿದುಕೊಳ್ಳಬೇಕಾದವರು ನಾವೇ ಯಾಕೆ? ಕಸುಬಿನ ಚಂದವನ್ನು ಹೊಗಳುವಾಗ ಇಲ್ಲಿ ಎಚ್ಚರ ಬೇಕು. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳೆಂದು ವಿಂಗಡಿಸುತ್ತದೆ ಎಂದು ಅಂಬೇಡ್ಕರರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬಿಡಿಸಿ ತೋರಿಸಿದ್ದಾರೆ. ಹುಟ್ಟಿನಿಂದ ಕೊರಳಿಗೆ ಕಟ್ಟಿದ ಕಸುಬನ್ನು ಪೂಜೆ ಎಂದು ಕರೆದು, ಕಟ್ಟಿದ ಹಗ್ಗವನ್ನು ಮರೆಸುವುದು ಅನ್ಯಾಯ. ಅವ್ವನಿಗೆ ಇದು ಪುಸ್ತಕವಿಲ್ಲದೆ ಗೊತ್ತಿತ್ತು. ನನ್ನ ಕೈಗೆ ಕೊಡತಿ ಕೊಡಲಿಲ್ಲ, ಪಾಟಿ ಕೊಟ್ಟಳು. ಆದರೆ ತನ್ನ ಕೈಯಲ್ಲಿದ್ದ ಕೆಲಸವನ್ನು ಒಂದು ದಿನವೂ ಕೀಳು ಮಾಡಲಿಲ್ಲ. ಈ ಎರಡೂ ಒಬ್ಬಳಲ್ಲೇ ಇರಬಹುದು ಎಂದು ನಾನು ಅವಳನ್ನು ನೋಡಿ ಕಲಿತೆ.

ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟಗಳ ಹೆಸರುಗಳಿವೆ. ಚರ್ಮದ ಕೆಲಸದ ಸಲಕರಣೆಗಳು ದೇವರ ಹೆಸರಿನ ಪಕ್ಕದಲ್ಲಿ ಬಂದು ಕುಳಿತಿವೆ. ವಚನದ ಅಂಕಿತಕ್ಕೆ ಮುದ್ರಿಕೆ ಎಂಬ ಇನ್ನೊಂದು ಹೆಸರೂ ಇದೆ. ಮುದ್ರಿಕೆ ಅಂದರೆ ಒತ್ತಿದ ಗುರುತು. ಅವ್ವ ಹೆಸರು ಬರೆಯಲು ಕಲಿತವಳಲ್ಲ. ಅವಳ ಮುದ್ರಿಕೆ ಆ ಗೋಧಿ ಕಾಳಿನ ಸಾಲು. ಇಳಕಲ್ಲಿನ ನೇಕಾರ ಸೀರೆಗೆ ಅಂಚು ಬಿಡುವಾಗ ಉಡುವವಳ ಗುಣ ನಡತೆ ವಿಚಾರಿಸುವುದಿಲ್ಲ. ಅಂಚು ಇಲ್ಲದಿದ್ದರೆ ಅದು ಸೀರೆಯೇ ಅಲ್ಲ. ಅವ್ವನ ಅಂಚೂ ನೀರು ಚಿಮುಕಿಸಿದ ಆ ಕೈಗೆ ಸೇರಿದ್ದಲ್ಲ, ಪಾದಕ್ಕೆ ಸೇರಿದ್ದು. ದಾರಿ ಸವೆಸುವ, ಬಿರುಕು ಬಿಡುವ ಪಾದ ಯಾರದಾದರೂ ಪಾದವೇ. ಅದಕ್ಕೆ ಕೊಡುವ ಮರ್ಯಾದೆಯನ್ನು ಇನ್ನೊಬ್ಬರ ಸಣ್ಣತನಕ್ಕಾಗಿ ಕಡಿಮೆ ಮಾಡಲು ಅವಳು ಒಪ್ಪಲಿಲ್ಲ. ಏಳನೇ ಇಯತ್ತೆಯ ಸಿಟ್ಟಿಗೆ ಉತ್ತರ ಸಿಗಲು ನನಗೆ ಇಷ್ಟು ವರ್ಷ ಹಿಡಿಯಿತು. ಆ ಸಿಟ್ಟು ತಪ್ಪಾಗಿರಲಿಲ್ಲ. ಅವಳ ಅಂಚೂ ತಪ್ಪಾಗಿರಲಿಲ್ಲ.

ಈಗ ಅವ್ವನಿಗೆ ಎಂಬತ್ತು ದಾಟಿದೆ. ಕಣ್ಣಿಗೆ ಪೊರೆ ಬಂದಿದೆ. ಹೋದ ಯುಗಾದಿಗೆ ಊರಿಗೆ ಹೋದಾಗ ಅವಳು ಕಟ್ಟಕಡೆಗೆ ಅಚ್ಚು ಹೊಡೆದ ಜೋಡು ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಎಣ್ಣೆ ಸವರಿ ಬಿಸಿಲಿನ ಹತ್ತಿರ ಕುಳಿತೆ. ಅಂಚು ಕೂಡುವ ಜಾಗ ಎಲ್ಲಿದೆ ಎಂದು ಕನ್ನಡಕ ಹಾಕಿಕೊಂಡು ಕಾಳು ಕಾಳಿಗೂ ನೋಡಿದೆ. ಎರಡು ಸುತ್ತು ನೋಡಿದರೂ ತಿಳಿಯಲಿಲ್ಲ. ಸುಮ್ಮನೆ ಅವಳ ಕೈಗೆ ಕೊಟ್ಟೆ. ಅವಳು ಮೊದಲು ಅದನ್ನು ಕೆನ್ನೆಗೆ ಹಿಡಿದಳು, ರೂಢಿ. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ಸಾಲಿನ ಮೇಲೆ ಹರಿಸುತ್ತ ಬಂದು ಹಿಮ್ಮಡಿಯ ಎಡಕ್ಕೆ ನಿಲ್ಲಿಸಿದಳು.

"ಇಲ್ಲಿಂದ ಇಲ್ಲೀತನಕ ನೋಡು" ಅಂದಳು. "ಎಲ್ಲಾವೂ ಒಂಚೂರು ಒಂಚೂರು ತಗೊಂಡಾವ."